ಶಾಲೆಯ ಗಂಟೆ ಹತ್ತಕ್ಕೆ, ನಮ್ಮ ಗಂಟೆ ಐದಕ್ಕೆ

 

ಮುಂದಿನ ವರ್ಷ ನಾವೆಲ್ಲ ಎಂಟನೇ ತರಗತಿಗೆ ಹೋಗುತ್ತೇವೆ. ಹೈಸ್ಕೂಲಿಗೆ ಹೋಗುವ ಅಕ್ಕಂದಿರನ್ನು, ಅಣ್ಣಂದಿರನ್ನು ಕೇಳಿರಿ. “ಪಾಠ ತಿಳೀತೈತಿ, ಆದ್ರ ನಿದ್ದಿ ಬರತೈತಿ” ಅಂತಾರ. ದೊಡ್ಡವರು ಇದಕ್ಕೆ ಮೈಗಳ್ಳತನ ಅಂತಾರ. ನನ್ನ ಅಭಿಪ್ರಾಯದಲ್ಲಿ ಇದು ಮೈಗಳ್ಳತನ ಅಲ್ಲ, ನಿದ್ದೆಯ ಸಾಲ.

13ರಿಂದ 18 ವರ್ಷದವರಿಗೆ ದಿನಾ 8ರಿಂದ 10 ತಾಸು ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಹೆಚ್ಚುತ್ತದೆ. ಅದಕ್ಕೇ ಬೇಗ ಮಲಗಿದರೂ ಬೇಗ ನಿದ್ದೆ ಹತ್ತುವುದಿಲ್ಲ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ.

ಅಮೆರಿಕದ ಸಿಯಾಟಲ್ ಎಂಬ ಊರಿನಲ್ಲಿ 2016ರಲ್ಲಿ ಹೈಸ್ಕೂಲಿನ ಹೊತ್ತನ್ನು 7.50ರಿಂದ 8.45ಕ್ಕೆ ತಂದರು. ಮಕ್ಕಳು ದಿನಾ 34 ನಿಮಿಷ ಹೆಚ್ಚು ಮಲಗಿದರು, ಪರೀಕ್ಷಿಸಿ ನೋಡಿದ ತರಗತಿಗಳಲ್ಲಿ ಅಂಕವೂ ಏರಿದವು ಎಂದು 2018ರಲ್ಲಿ ವಿಜ್ಞಾನಿಗಳು ಬರೆದರು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರಿಂದ ಹೆಚ್ಚಿನ ಹೈಸ್ಕೂಲುಗಳು 8.30ಕ್ಕಿಂತ ಮೊದಲು ಶುರುವಾಗಬಾರದೆಂದು ಕಾನೂನೇ ಇದೆ.

“ನಮ್ಮಲ್ಲಿ ಗಂಟಿ ಬಾರಿಸೋದ ಹತ್ತರ ಸುಮಾರಿಗೆ, ನಿಮಗೇನ ತ್ರಾಸು?” ಎಂದು ನೀವು ಕೇಳಬಹುದು. ಗಂಟೆ ಹತ್ತಕ್ಕೆ ಖರೆ. ಆದರೆ ಎಸ್.ಎಸ್.ಎಲ್.ಸಿ.ಯವರಿಗೆ ಎಷ್ಟೋ ಕಡೆ ಮುಂಜಾನೆ ವಿಶೇಷ ತರಗತಿ ಇರುತ್ತದೆ. ಎಂಟಕ್ಕೆ ತರಗತಿ ಅಂದರೆ ಏಳರ ಬಸ್ಸು. ಏಳರ ಬಸ್ಸು ಅಂದರೆ ಐದಕ್ಕೆ ಏಳಬೇಕು. ಹೆಣ್ಣುಮಕ್ಕಳು ಕಸ ಹೊಡೆದು, ನೀರು ತುಂಬಿ, ರೊಟ್ಟಿ ಬಡಿಯುವಾಗ ಅವ್ವನ ಕೈಗೆ ನೆರವಾಗಿ ಹೊರಡಬೇಕು. ರಾತ್ರಿ ಓದಿ ಮಲಗುವುದು ಹನ್ನೊಂದಕ್ಕೆ. ಲೆಕ್ಕ ಹಾಕಿರಿ: ಸಿಗುವುದು 6 ತಾಸು, ಬೇಕಾದದ್ದು ಕನಿಷ್ಠ 8. ಆರು ದಿನಕ್ಕೆ 12 ತಾಸು ಸಾಲ. ಭಾನುವಾರ ಒಂದೇ ದಿನ ಮಲಗಿ ಇದನ್ನು ಹೆಂಗ ತೀರಿಸೋದು?

“ನಾಲ್ಕಕ್ಕೆ ಎದ್ದು ಓದಿದ್ರ ತಲಿಗೆ ಹತ್ತತೈತಿ” ಎಂದು ಹಿರಿಯರು ಹೇಳುತ್ತಾರೆ. ಅವರು ಕತ್ತಲಾದ ಮೇಲೆ ಉಂಡು ಎಂಟಕ್ಕೇ ಮಲಗುತ್ತಿದ್ದರು. ಹೊಲದಾಗ ಹದ ಇಲ್ಲದಾಗ ಬಿತ್ತಿದರೆ ಬೀಜ ದಂಡ ಅಂತ ಅವರೇ ಹೇಳತಾರಲ್ಲ? ನಿದ್ದೆಗಣ್ಣಿನ ತಲೆಗೆ ಹೇಳಿದ ಗಣಿತವೂ ಹಂಗ.

ಹಂಗಂತ ಹೊತ್ತು ಬದಲಿಸುವುದು ಸುಲಭವೂ ಅಲ್ಲ. ಫ್ಲಾರಿಡಾ ರಾಜ್ಯದಲ್ಲಿ 2023ರಲ್ಲಿ ಶಾಲೆ ತಡವಾಗಿ ಶುರು ಮಾಡುವ ಕಾನೂನು ಮಾಡಿ, ಬಸ್ಸು, ಡ್ರೈವರು, ಖರ್ಚು ಹೊಂದಿಸಲಾಗದೆ 2025ರಲ್ಲಿ ಅದನ್ನು ತೆಗೆದುಹಾಕಿದರು. ಬಸ್ಸಿನ ಹೊತ್ತು ನೋಡದೆ ಶಾಲೆಯ ಹೊತ್ತು ಗೊತ್ತು ಮಾಡಬಾರದು ಎಂಬುದು ಇದರಿಂದ ತಿಳಿಯುತ್ತದೆ.

ಅದಕ್ಕೆ ನನ್ನ ಸೂಚನೆಗಳು ಇವು. ವಿಶೇಷ ತರಗತಿ ಒಂಬತ್ತಕ್ಕಿಂತ ಮೊದಲು ಬೇಡ. ಮುಂಜಾನೆ ಇದ್ದರೆ ಸಂಜೆ ಬೇಡ. ಸಂಜೆ ಇಟ್ಟರೆ ದೂರದ ಹುಡುಗಿಯರು ಹೊತ್ತು ಮುಳುಗುವ ಮೊದಲು ಮನೆ ಮುಟ್ಟಬೇಕು. ಮನೆಯ ಕೆಲಸದಲ್ಲಿ ಹುಡುಗರೂ ಪಾಲು ತಗೋಬೇಕು. ತಮ್ಮ ಕೊಡಪಾನ ಹೊತ್ತರೆ ಅಕ್ಕನಿಗೆ ಅರ್ಧ ತಾಸು ನಿದ್ದೆ ಸಿಗತೈತಿ. ವೇಳಾಪಟ್ಟಿ ಮಾಡುವಾಗ ನಮ್ಮನ್ನೂ ಒಂದು ಮಾತು ಕೇಳಬೇಕು.

ವಿಶೇಷ ತರಗತಿ ಮಾಡುವ ಗುರುಗಳೂ ನಸುಕಿನಲ್ಲೇ ಎದ್ದು ಬರುತ್ತಾರೆ, ನಮ್ಮ ಒಳ್ಳೆಯದಕ್ಕೇ ಬರುತ್ತಾರೆ. ಅವರಿಗೂ ನಿದ್ದೆ ಬೇಕು. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ನಮ್ಮ ಗೊಟಗೋಡಿಯಲ್ಲೇ ಇದೆ. ಆ ಬಾಗಿಲು ಮುಟ್ಟಲು ಮೊದಲು ಹತ್ತನೇ ತರಗತಿ ದಾಟಬೇಕು. ತೂಕಡಿಸುತ್ತ ದಾಟುವುದು ಬೇಡ, ಎಚ್ಚರಿದ್ದು ದಾಟೋಣ.

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವವರು ಎಷ್ಟು ತಾಸು ಮಲಗುತ್ತಾರೆ? ಕೇಳಿಕೊಂಡು ಬಂದು ಮುಂದಿನ ಸಂಚಿಕೆಗೆ ಬರೆಯಿರಿ.

– 7ನೇ ತರಗತಿಯ ವಿದ್ಯಾರ್ಥಿನಿ