ಹೊಸ ಟಿಸಿಯೂ ಸುಟ್ಟಿತು, ಯಾಕೆ?

ಟಿಸಿ ಎಂದ ಕೂಡಲೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಶಾಲೆ ಬಿಡುವಾಗ ಹೆಡ್‌ಮಾಸ್ತರರು ಬರೆದು ಕೊಡುವ ಕಾಗದ. ನಮ್ಮ ಕಡೆಯ ರೈತರಿಗೆ ಹಾಗಲ್ಲ. ಅವರ ಟಿಸಿ ಹೊಲದ ಬದುವಿನಲ್ಲಿ ಎರಡು ಕಂಬಗಳ ನಡುವೆ ಕುಳಿತು ಗುಂಯ್ ಎನ್ನುವ ಟ್ರಾನ್ಸ್‌ಫಾರ್ಮರ್. ಅದು ಸುಟ್ಟರೆ ಊರಿನ ಮಾತೆಲ್ಲ ಅದರ ಸುತ್ತಲೇ.

ಬೀಳಗಿ ತಾಲೂಕಿನ ಅನಗವಾಡಿ ಘಟಪ್ರಭಾ ದಂಡೆಯ ಊರು. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವವರು ಅಲ್ಲಿನ ಸೇತುವೆಯನ್ನು ನೋಡಿರುತ್ತಾರೆ. ಆಲಮಟ್ಟಿಯ ಹಿನ್ನೀರು ಇಲ್ಲಿಯವರೆಗೂ ಚಾಚುತ್ತದೆ. ನೀರು ಕಣ್ಣೆದುರಿಗೇ ಇದ್ದರೂ ಅದು ಕಬ್ಬಿನ ಹೊಲಕ್ಕೆ ಏರಲು ಕರೆಂಟು ಬೇಕು. ಹಿಂದೊಂದು ಮಾರ್ಚ್ ತಿಂಗಳಲ್ಲಿ ಪರಿಚಯದವರ ತೋಟದ ಮನೆಗೆ ಹೋಗಿದ್ದೆ. ಟಿಸಿ ಸುಟ್ಟು, ಹೊಸದು ಬಂದು, ಅದೂ ಸುಟ್ಟಿತ್ತು. ಕಬ್ಬು ಬಾಡುತ್ತಿತ್ತು. ಮಗ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕಂದೀಲು ಹಚ್ಚಿಕೊಂಡು ಓದುತ್ತಿದ್ದ.

"ಹೊಸಾದು ಕುಂದರಿಸಿ ಮೂರ ದಿನ ಆಗಿಲ್ರಿ, ಢಂ ಅಂತು. ಈಗಿನ ಮಾಲs ಹಿಂಗ್ರಿ" ಎಂದರು ತಂದೆ. ಹುಡುಗನ ಪ್ರಶ್ನೆ ಬೇರೆಯೇ ಇತ್ತು: "ಸರ, ಇದರಾಗ ತಿರುಗೂದು ಏನೂ ಇಲ್ಲ, ಸವೆಯೂದೂ ಏನೂ ಇಲ್ಲ. ಮತ್ತ ಯಾಕ ಸುಡ್ತೈತ್ರಿ?"

ಬಹಳ ಒಳ್ಳೆಯ ಪ್ರಶ್ನೆ. ಟ್ರಾನ್ಸ್‌ಫಾರ್ಮರಿನಲ್ಲಿ ಚಲಿಸುವ ಭಾಗವೇ ಇಲ್ಲ. ಕಬ್ಬಿಣದ ತಗಡುಗಳ ಒಂದು ಚೌಕಟ್ಟು, ಅದಕ್ಕೆ ಸುತ್ತಿದ ತಂತಿಯ ಸುರುಳಿಗಳು, ಎಲ್ಲವೂ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿವೆ. ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತಿದ್ದರೆ ಪಕ್ಕದ ಸುರುಳಿಯಲ್ಲೂ ವಿದ್ಯುತ್ತು ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಹೊಲದ ಟಿಸಿಗೆ ಬರುವುದು 11,000 ವೋಲ್ಟು, ಅದು ಕೊಡುವುದು 433 ವೋಲ್ಟು. ಒಂದು ಫೇಸಿನ ಲೆಕ್ಕದಲ್ಲಿ 250 ವೋಲ್ಟು. ಅಂದರೆ ಒಳಹೊಗುವ ಕಡೆ 44 ಸುತ್ತು ಇದ್ದರೆ ಹೊರಬರುವ ಕಡೆ ಒಂದು ಸುತ್ತು. ವೋಲ್ಟೇಜು ಇಳಿದಷ್ಟೂ ಕರೆಂಟು ಏರುತ್ತದೆ. 63 ಕೆವಿಎ ಟಿಸಿಗೆ ಮೇಲಿನ ತಂತಿಯಿಂದ ಬರುವುದು 3.3 ಆಂಪಿಯರ್ ಮಾತ್ರ, ಕೆಳಗೆ ಹರಿಯುವುದು 84 ಆಂಪಿಯರ್.

ಇನ್ನು ಸವೆಯುವ ಮಾತು. ಹುಡುಗನಿಗೆ ಕಾಣದೆ ಇದ್ದ ಒಂದು ವಸ್ತು ಅದರೊಳಗಿದೆ, ಕಾಗದ. ತಂತಿಗೆ ತಂತಿ ತಾಗದಂತೆ ನಡುವೆ ಸುತ್ತಿರುವುದು ಬಹುಮಟ್ಟಿಗೆ ಕಾಗದವೇ. ಬಿಸಿಲಿಗೆ ಬಿದ್ದ ಹಳೆಯ ಪಂಚಾಂಗದ ಹಾಳೆ ಮುಟ್ಟಿದರೆ ಮುರಿಯುತ್ತದಲ್ಲ, ಹಾಗೆ ಕಾವಿಗೆ ಈ ಕಾಗದವೂ ಸಿಬುರಾಗುತ್ತದೆ. ಸಹಿಸುವ ಮಿತಿ ದಾಟಿದ ಮೇಲೆ ಕಾವು ಆರೇಳು ಡಿಗ್ರಿ ಹೆಚ್ಚಿದಂತೆಲ್ಲ ಅದರ ಆಯುಷ್ಯ ಅರ್ಧರ್ಧ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಎಣ್ಣೆ ಸೋರಿದರಂತೂ ಕಾವು ಹೊರಗೆ ಹೋಗುವ ದಾರಿಯೇ ಇಲ್ಲ. ತೇವ ಸೇರಿದರೂ ಕೇಡೇ. ಹಲವು ಟಿಸಿಗಳ ಬದಿಗೆ ತೂಗುವ ಗಾಜಿನ ಡಬ್ಬಿಯಲ್ಲಿನ ನೀಲಿ ಹರಳುಗಳು ಗುಲಾಬಿಯಾದರೆ ಅವು ತೇವ ಕುಡಿದು ತುಂಬಿವೆ ಎಂದು ಅರ್ಥ. ದೂರದಿಂದಲೇ ನೋಡಿರಿ.

ಮಿಶಿಗನ್ನಿನಲ್ಲಿರುವ ನನ್ನ ಅಕ್ಕನ ಮಗನ ಮನೆಯಲ್ಲೂ ಇಂಥದೇ ಒಂದು ಪ್ರಸಂಗ ನಡೆಯಿತು. ಹಳೆಯ ಮನೆ. ನೆಲಮಾಳಿಗೆಯಲ್ಲಿ ಫರ್ನೇಸು, ಎಂದರೆ ಗ್ಯಾಸು ಉರಿಸಿ ಮನೆಗೆಲ್ಲ ಬಿಸಿಗಾಳಿ ಊದುವ ದೊಡ್ಡ ಒಲೆ. ಉರಿಯುವುದು ಗ್ಯಾಸಾದರೂ ಅದನ್ನು ಹಚ್ಚು, ಆರಿಸು ಎಂದು ಆಜ್ಞೆ ಮಾಡುವುದು ಗೋಡೆಯ ಮೇಲಿನ ಥರ್ಮೋಸ್ಟ್ಯಾಟು. ಆ ಆಜ್ಞೆ ಹರಿಯುವುದು 24 ವೋಲ್ಟಿನ ಸಣ್ಣ ತಂತಿಯಲ್ಲಿ. ಅಲ್ಲಿಯ ಮನೆಗಳ 120 ವೋಲ್ಟನ್ನು 24ಕ್ಕೆ ಇಳಿಸಲು ಒಳಗೊಂದು ಅಂಗೈಯಗಲದ ಟ್ರಾನ್ಸ್‌ಫಾರ್ಮರ್, 40 ವಿಎ. ಜನವರಿಯ ಹಿಮದಲ್ಲಿ ಅದು ಸುಟ್ಟು ಮನೆ ತಣ್ಣಗಾಯಿತು. ಹುಡುಗ ಬಾಗಲಕೋಟೆಯಲ್ಲಿ ಓದಿದವ, ಧೈರ್ಯಕ್ಕೆ ಕಡಿಮೆಯಿಲ್ಲ. ಮೇನು ತೆಗೆದ, ತಂತಿಗಳ ಬಣ್ಣ ಬರೆದುಕೊಂಡ, ಹೊಸದನ್ನು ಕೂರಿಸಿದ. ಅರ್ಧ ತಾಸಿಗೆ ಅದೂ ಕಮಟು ವಾಸನೆ ಬಿಟ್ಟು ಸತ್ತಿತು.

ಆಮೇಲೆ ಟಾರ್ಚು ಹಿಡಿದು ಕೂತು ಹುಡುಕಿದಾಗ ಸಿಕ್ಕಿದ್ದಿಷ್ಟು: ಥರ್ಮೋಸ್ಟ್ಯಾಟಿನ ತಂತಿ ಫರ್ನೇಸಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಹರಿದಿತ್ತು. ತಾಮ್ರ ತಗಡಿಗೆ ತಾಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಕೊಡಬಲ್ಲದ್ದು ಒಂದೂ ಮುಕ್ಕಾಲು ಆಂಪಿಯರಿಗೂ ಕಡಿಮೆ, ಕೇಳುತ್ತಿದ್ದುದು ಅದರ ಎಷ್ಟೋ ಪಟ್ಟು. ಆ ತಂತಿ ಬದಲಿಸಿ, 24 ವೋಲ್ಟಿನ ಕಡೆಗೆ 3 ಆಂಪಿಯರಿನ ಫ್ಯೂಸು ಹಾಕಿ, ಮೂರನೆಯದನ್ನು ಕೂರಿಸಿದ. ಅದು ಇನ್ನೂ ಬದುಕಿದೆ.

ಅನಗವಾಡಿಯ ಆ ಹೊಲಕ್ಕೆ ಮರಳೋಣ. ಹುಡುಗನಿಗೆ ಪೆನ್ಸಿಲ್ ಕೊಟ್ಟು, ಈ ಟಿಸಿಗೆ ಎಷ್ಟು ಪಂಪುಗಳಿವೆ ಬರೆ ಎಂದೆ. ತಂದೆ ಹತ್ತು ಎಂದರು. ಹುಡುಗ ಹೊಲದಿಂದ ಹೊಲಕ್ಕೆ ಹೋಗಿ ಎಣಿಸಿ ಬಂದು ಹದಿನಾರು ಎಂದ. ಎಲ್ಲವೂ 5 ಅಶ್ವಶಕ್ತಿಯವು. ಒಂದಕ್ಕೆ ಸುಮಾರು 6 ಕೆವಿಎ ಎಂದರೂ 96 ಆಯಿತು. ಟಿಸಿ 63ರದ್ದು. ಒಂದೂವರೆ ಪಟ್ಟು ಭಾರ. ಕಾವು ಮಾತ್ರ ಒಂದೂವರೆ ಪಟ್ಟಲ್ಲ. ತಂತಿಯಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗಕ್ಕೆ ಅನುಗುಣ, ಎಂದರೆ ಎರಡೂಕಾಲು ಪಟ್ಟು! ಪರೀಕ್ಷೆಗೆಂದು ಉರು ಹೊಡೆದ ಸೂತ್ರ ಹೊಲದಲ್ಲಿ ಸಿಕ್ಕಿತೆಂದು ಹುಡುಗ ನಕ್ಕ.

ಇಷ್ಟೇ ಅಲ್ಲ. ಮೂರು ಫೇಸ್ ಬರುವುದು ಗೊತ್ತುಮಾಡಿದ ಕೆಲವು ತಾಸು. ಬಂದ ಕೂಡಲೆ ತಮ್ಮದು ಓಡಲೆಂದು ಎಲ್ಲರೂ ಆಟೋ ಸ್ಟಾರ್ಟರ್ ಹಾಕಿದ್ದರು. ಮೋಟರು ನಿಂತಲ್ಲಿಂದ ನೇರವಾಗಿ ಏಳುವಾಗ ಓಡುವಾಗಿನ ಸುಮಾರು ಆರು ಪಟ್ಟು ಕರೆಂಟು ಎಳೆಯುತ್ತದೆ. ಹದಿನಾರೂ ಒಟ್ಟಿಗೆ ಎದ್ದರೆ? ವೋಲ್ಟೇಜು ಕುಸಿಯುತ್ತದೆ, ಮೋಟರು ಬೇಗ ವೇಗ ಹಿಡಿಯದೆ ಇನ್ನಷ್ಟು ಹೊತ್ತು ಎಳೆಯುತ್ತದೆ. ಆಗ ಫ್ಯೂಸು ಹೋಗಿ ಟಿಸಿಯನ್ನು ಕಾಯಬೇಕಿತ್ತು. ಆದರೆ ಮತ್ತೆ ಮತ್ತೆ ಹೋಗುತ್ತದೆಂದು ಯಾರೋ ಫ್ಯೂಸಿನ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ತಂತಿ ಬಿಗಿದಿದ್ದರು. ಕಾವಲುಗಾರನ ಕೈಕಾಲು ಕಟ್ಟಿದಂತೆ.

ಪಾಲಕರೆ, ಆ ತಂತಿ ಬಿಗಿಯಲು ಕಂಬ ಹತ್ತಿದವನು ಬದುಕಿ ಬಂದದ್ದೇ ದೊಡ್ಡದು. 11,000 ವೋಲ್ಟಿನ ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ತೀರ ಸಮೀಪ ಹೋದರೂ ಸಾಕು. ಲೈನ್‌ಮನ್ ಬಿಟ್ಟು ಬೇರೆ ಯಾರೂ ಹತ್ತಕೂಡದು. ಇನ್ನೊಂದು ಮಾತು. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಇಲ್ಲ. ಮೇನು ತೆಗೆಯದೆ ಮನೆಯ ಜನರೇಟರು ಲೈನಿಗೆ ಕೊಟ್ಟರೆ ಅದೇ 44ರ ಲೆಕ್ಕ ತಿರುಗುಮುರುಗಾಗಿ ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟು ಏಳುತ್ತದೆ. ಅಲ್ಲಿ ಕೆಲಸ ಮಾಡುತ್ತಿರುವವನೂ ಯಾರದೋ ಮನೆಯ ಮಗ.

ಸುಟ್ಟ ಟಿಸಿಯನ್ನು ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮವಿದೆ. ಅದನ್ನು ಕೇಳುವ ಹಕ್ಕು ರೈತರಿಗಿದೆ. ಕೇಳುವಾಗ ಪಂಪುಗಳ ಸರಿಯಾದ ಲೆಕ್ಕವನ್ನೂ ಕೊಡಬೇಕು. ಆ ಹದಿನಾರು ಮಂದಿ ಕೂಡಿ 100 ಕೆವಿಎ ಬೇಕೆಂದು ಅರ್ಜಿ ಬರೆದರು. ಅದು ಬರುವವರೆಗೆ 63ರ ಮೇಲೆಯೇ ಎಂಟೆಂಟು ಪಂಪುಗಳ ಎರಡು ಪಾಳಿ. ಆಟೋ ಸ್ಟಾರ್ಟರುಗಳನ್ನು ಬಂದ್ ಮಾಡಿ ಒಂದೊಂದಾಗಿ ಕೈಯಿಂದ ಚಾಲೂ ಮಾಡುವುದು. ಲೈನ್‌ಮನ್ ಬಂದು ಸರಿಯಾದ ಫ್ಯೂಸು ಹಾಕಿಕೊಟ್ಟರು. ಯಾರ ಪಾಳಿ ಯಾವ ದಿನ ಎಂಬುದನ್ನು ಹುಡುಗ ಗಣಿತದ ವಹಿಯ ಹಾಳೆ ಹರಿದು ದುಂಡಗೆ ಬರೆದು ಪಂಪಿನ ಮನೆಯ ಬಾಗಿಲಿಗೆ ಅಂಟಿಸಿದ. ತಂದೆಯ ಹೆಸರು ಎರಡನೆಯ ಪಾಳಿಯಲ್ಲಿತ್ತು. ಅದಕ್ಕೆ ಮನೆಯಲ್ಲಿ ಸ್ವಲ್ಪ ಜಗಳವೂ ಆಯಿತಂತೆ.