ಮುಷ್ಕರಕ್ಕೂ ಒಂದು ಲೆಕ್ಕ ಇದೆ | ಭಾಗ 4

2023ರ ಮಾರ್ಚ್ 1 ನೆನಪಿದೆಯಾ? ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದ ದಿನವೇ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸ್ತು; ಮುಷ್ಕರ ಅವತ್ತೇ ಮುಗೀತು. ಆದ್ರೆ ಆಗ ವಿಧಾನಸಭೆ ಚುನಾವಣೆ ಬಾಗಿಲಲ್ಲಿತ್ತು. ಪ್ರತಿ ಸಲ ಇರಲ್ಲ. ಸಂಘದ ಕೈಲಿರೋದು ತಯಾರಿ ಮಾತ್ರ.

ತಯಾರಿ ಅಂದ್ರೆ ಘೋಷಣೆ ಬರೆಯೋದಲ್ಲ, ಲೆಕ್ಕ ಬಿಡಿಸಿ ಹೇಳೋದು. ಒಂದು ದಿನ ಕೆಲಸ ನಿಲ್ಲಿಸಿದ್ರೆ ಆ ದಿನದ ಸಂಬಳ ಹೋಗಬಹುದು: ತಿಂಗಳಿಗೆ 30,000 ಇದ್ರೆ ಸುಮಾರು 1,000 ರೂಪಾಯಿ. ಮುಷ್ಕರ ಸರ್ಕಾರಿ ನೌಕರರ ಮೂಲಭೂತ ಹಕ್ಕಲ್ಲ ಅಂತ 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನೆಲ್ಲ ಮುಚ್ಚಿಟ್ಟು ಕರೆದ್ರೆ, ನೋಟಿಸ್ ಬಂದ ಕೂಡಲೇ ಜನ ಚದುರ್ತಾರೆ. ಗೊತ್ತಿದ್ದೂ ಬಂದವರು ನಿಲ್ತಾರೆ.

ನಿಮ್ಮ ಮನೇಲಿ ಸರ್ಕಾರಿ ನೌಕರರಿದ್ರೆ ಕೇಳಿ ನೋಡಿ: ಈ ಲೆಕ್ಕ ಅವರಿಗೆ ಯಾರಾದ್ರೂ ಮೊದಲೇ ಹೇಳಿದ್ರಾ?