ಅಜ್ಜಿಗೆ ಟಿಕೆಟ್ ತೆಗೆಸಿದಿರಾ?

ಶಾಲೆಗಳ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಮನೆಗಳಲ್ಲಿ ಇತ್ತೀಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: "ಈ ಸಲ ಮಕ್ಕಳನ್ನು ವಿಮಾನ ಹತ್ತಿಸಬೇಕು." ಎಲ್ಲಿಗೆ ಹೋಗಬೇಕು ಎಂಬುದು ಆಮೇಲಿನ ಪ್ರಶ್ನೆ, ಏನು ನೋಡಬೇಕು ಎಂಬುದು ಅದಕ್ಕೂ ಆಮೇಲಿನದು. ವಿಜಯಪುರ ನಗರದ ಬಡಾವಣೆಗಳಲ್ಲಿ ಮಾತ್ರವಲ್ಲ, ದ್ರಾಕ್ಷಿಗೆ ಒಳ್ಳೆಯ ಬೆಲೆ ಬಂದ ವರ್ಷ ತಿಕೋಟಾ, ಬಬಲೇಶ್ವರದ ಮನೆಗಳಲ್ಲಿಯೂ ಈ ಮಾತು ಹುಟ್ಟುತ್ತದೆ. ವಿಮಾನ ನಿಲ್ದಾಣದ ಗಾಜಿನ ಗೋಡೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ಹೋದ ಊರಿನ ಫೋಟೋಗಿಂತ ಮೊದಲು ಬಂಧುಬಳಗದ ಮೊಬೈಲುಗಳಿಗೆ ತಲುಪುತ್ತದೆ. ವಿಮಾನಯಾನ ಪಾಪವೆಂದು ಹೇಳಲು ನಾನಿಲ್ಲಿ ಲೇಖನಿ ಹಿಡಿದಿಲ್ಲ. ರೋಗಿಯನ್ನು ತುರ್ತಾಗಿ ಕರೆದೊಯ್ಯುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು, ದೆಹಲಿಗೆ ಪರೀಕ್ಷೆ ಬರೆಯಲು ಹೋಗುವವರು ಹಾರಲಿ. ನನ್ನ ತಕರಾರು ಇರುವುದು ಕುಟುಂಬದ ರಜಾಪ್ರವಾಸದ ಬಗ್ಗೆ. ಕುಟುಂಬವೆಂಬ ಹೆಸರಿನಲ್ಲಿ ಹೊರಡುವ ಈ ಪ್ರವಾಸದಲ್ಲಿ ಕುಟುಂಬ ಎಷ್ಟು ಹೊರಡುತ್ತದೆ ಎಂಬುದೇ ನನ್ನ ಪ್ರಶ್ನೆ.

ವಿಮಾನ ತಲೆ ಎಣಿಸುತ್ತದೆ. ಎರಡು ವರ್ಷ ತುಂಬಿದ ಮಗುವಿಗೂ ಅಲ್ಲಿ ಪ್ರತ್ಯೇಕ ಆಸನ ಬೇಕು, ಪ್ರತ್ಯೇಕ ಟಿಕೆಟ್ ಬೇಕು. ತಂದೆ, ತಾಯಿ, ಮೂವರು ಮಕ್ಕಳು, ಅಜ್ಜ, ಅಜ್ಜಿ ಎಂದರೆ ಏಳು ತಲೆ. ಹೋಗಿಬರಲು ಹದಿನಾಲ್ಕು ಟಿಕೆಟ್. ಈ ಲೆಕ್ಕ ಮೊಬೈಲಿನ ಪರದೆಯ ಮೇಲೆ ಮೂಡಿದೊಡನೆ ಮನೆಯಲ್ಲಿ ಕಳೆಯುವ ಲೆಕ್ಕ ಆರಂಭವಾಗುತ್ತದೆ. ಮೊದಲು ಯಾರನ್ನು ಕಳೆಯುತ್ತೇವೆ? ಮಕ್ಕಳನ್ನಲ್ಲ, ನಮ್ಮನ್ನಂತೂ ಅಲ್ಲ. "ಅಜ್ಜಿಗೆ ಮೊಣಕಾಲು ನೋವು, ಅಷ್ಟು ದೂರ ಆಗೋದಿಲ್ಲ." "ಮನೆಗೂ ಯಾರಾದರೂ ಬೇಕಲ್ಲ, ಎಮ್ಮೆ ನೋಡಬೇಕಲ್ಲ." ವರ್ಷವಿಡೀ ಅದೇ ಮೊಣಕಾಲಿನಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವಳಿಗೆ, ಟಿಕೆಟ್ ದರ ಕಂಡ ದಿನವೇ ನೋವು ಹೆಚ್ಚಾಗುವುದು ವಿಚಿತ್ರವಲ್ಲವೇ? ಧರ್ಮಕೇಂದ್ರದ ಮನೆಗಳಿಗೆ ಭೇಟಿ ಕೊಡುವಾಗ ಇಂತಹ ಅಜ್ಜಿಯರನ್ನು ಕಾಣುತ್ತೇನೆ. ಅವರು ದೂರುವುದಿಲ್ಲ. "ಹುಡುಗ್ರು ಹೋಗಿ ಬರ್ಲಿ ಫಾದರ್, ನನಗೇನೈತಿ" ಎನ್ನುತ್ತಾರೆ. ಮಗ ಕಳುಹಿಸಿದ ಚಿತ್ರವನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಆ ಮಾತನ್ನು ಒಪ್ಪಿಗೆಯೆಂದು ತಿಳಿಯುವ ಮಗನಿಗೆ ತನ್ನ ತಾಯಿಯ ಭಾಷೆ ಬರುವುದಿಲ್ಲವೆಂದೇ ಹೇಳಬೇಕಾಗುತ್ತದೆ.

ಇರಲಿ, ಸಮಯ ಉಳಿಯುತ್ತದಲ್ಲ ಎನ್ನುವಿರಿ. ಲೆಕ್ಕ ಹಾಕೋಣ. ವಿಜಯಪುರದಿಂದ ಹುಬ್ಬಳ್ಳಿ ಅಥವಾ ಬೆಳಗಾವಿಯ ವಿಮಾನ ನಿಲ್ದಾಣ ಸುಮಾರು 200 ಕಿಲೋಮೀಟರ್ ದೂರ. 2019ರಲ್ಲಿ ಆರಂಭವಾದ ಕಲಬುರಗಿಯ ನಿಲ್ದಾಣವೂ 150 ಕಿಲೋಮೀಟರಿಗಿಂತ ಹೆಚ್ಚೇ. ಅಲ್ಲಿಗೆ ಹೋಗಲು ನಾಲ್ಕು ಗಂಟೆ. ವಿಮಾನ ಏರುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಬೆಳಗಿನ ವಿಮಾನವಾದರೆ ನಡುರಾತ್ರಿ ಮನೆ ಬಿಡಬೇಕು. ನಿದ್ದೆಗಣ್ಣಿನ ಮಕ್ಕಳು, ನಿದ್ದೆ ಕೆಟ್ಟ ಚಾಲಕ, "ಬೇಗ, ಬೇಗ, ವಿಮಾನ ತಪ್ಪುತ್ತದೆ" ಎಂದು ಅವಸರಪಡಿಸುವ ಯಜಮಾನ! ರಸ್ತೆಯನ್ನು ಬಿಟ್ಟು ಹಾರಿದೆವೆಂದು ಹೇಳಿಕೊಳ್ಳುವವರು ನಿಜವಾಗಿ ಮಾಡುವುದೇನು? ರಸ್ತೆ ಪ್ರಯಾಣದ ಅತ್ಯಂತ ಕೆಟ್ಟ ಭಾಗವನ್ನು, ಎಂದರೆ ಕತ್ತಲನ್ನೂ ಅವಸರವನ್ನೂ ಮಾತ್ರ ಉಳಿಸಿಕೊಂಡು, ಅದರ ಒಳ್ಳೆಯದನ್ನೆಲ್ಲ ಬಿಟ್ಟುಕೊಡುತ್ತಾರೆ. ನಮ್ಮ ನಗರದ ಹತ್ತಿರವೇ ಬುರಣಾಪುರದಲ್ಲಿ 2021ರಿಂದ ನಿಲ್ದಾಣದ ಕಾಮಗಾರಿ ನಡೆಯಿತಲ್ಲ, ಇನ್ನೇನು ದೂರ ಎಂದು ಒಬ್ಬರು ನನ್ನನ್ನು ಕೇಳಿದರು. ನಿಲ್ದಾಣ ಮನೆಯ ಅಂಗಳಕ್ಕೇ ಬಂದರೂ ತಲೆ ಎಣಿಸುವ ಪದ್ಧತಿ ಬದಲಾಗುವುದಿಲ್ಲ ಎಂಬುದೇ ನನ್ನ ಉತ್ತರ.

ಈಗ ಮತ್ತೊಂದು ಲೆಕ್ಕ. ಏಳು ಜನರ ಕುಟುಂಬ ವಿಜಯಪುರದಿಂದ ಹುಬ್ಬಳ್ಳಿ, ಅಂಕೋಲೆ, ಉಡುಪಿಯ ದಾರಿಯಾಗಿ ಮಂಗಳೂರಿಗೆ ಹೊರಟಿದೆ ಎನ್ನಿ. ಸುಮಾರು 600 ಕಿಲೋಮೀಟರ್, ಹೋಗಿಬರಲು 1,200. ಗಾಡಿ ಲೀಟರಿಗೆ 12 ಕಿಲೋಮೀಟರ್ ಓಡಿದರೆ 100 ಲೀಟರ್ ಇಂಧನ. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿಯಿರಿ, ಹತ್ತು ಸಾವಿರವಾಯಿತು. ಏಳು ಜನರಿಗೆ ಹಂಚಿದರೆ ತಲೆಗೆ ಸಾವಿರದ ನಾನೂರ ಮೂವತ್ತರ ಆಸುಪಾಸು. ಗಾಡಿಯ ಬಾಡಿಗೆ, ಚಾಲಕನ ಭತ್ಯೆ, ಟೋಲ್ ಸೇರಿ ಮೂರು ಪಟ್ಟಾದರೂ ಆಗಲಿ. ಗಮನಿಸಬೇಕಾದದ್ದು ಮೊತ್ತವನ್ನಲ್ಲ. ಆರು ಜನ ಹೊರಟರೂ ಏಳು ಜನ ಹೊರಟರೂ ಗಾಡಿಯ ಖರ್ಚು ಅಷ್ಟೇ. ಏಳನೆಯವಳು ಅಜ್ಜಿ. ವಿಮಾನದಲ್ಲಿ ಆಕೆ ಹೆಚ್ಚಿನ ಖರ್ಚು; ಗಾಡಿಯಲ್ಲಿ ಆಕೆ ಬಾರದಿದ್ದರೆ ಒಂದು ಸೀಟು ಖಾಲಿ. ಇದಕ್ಕಿಂತ ದೊಡ್ಡ ವಾದ ನನ್ನ ಬಳಿ ಇಲ್ಲ. ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಬೀಗರಿಗೆ ಕೊಡಬೇಕಾದ ತಿಕೋಟಾದ ಒಣದ್ರಾಕ್ಷಿ, ಇವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ ಎಂಬುದು ಅದರ ಜೊತೆಗಿನ ಸಣ್ಣ ಸಂತೋಷ.

ಅಜ್ಜಿ ಗಾಡಿಯಲ್ಲಿದ್ದರೆ ದಾರಿಗೆ ಬಾಯಿ ಬರುತ್ತದೆ. ವಿಜಯಪುರದಿಂದ ದಕ್ಷಿಣಕ್ಕೆ ಹೊರಟು ಕೊಲ್ಹಾರ ದಾಟಿದರೆ ಉದ್ದನೆಯ ಸೇತುವೆ, ಎರಡೂ ಕಡೆ ಸಮುದ್ರದಂತೆ ಹರಡಿದ ಕೃಷ್ಣೆಯ ಹಿನ್ನೀರು. ಮಕ್ಕಳಿಗೆ ಅದು ಬರಿಯ ನೀರು. ಆ ನೀರಿನ ಕೆಳಗೆ ಹಳೆಯ ಕೊಲ್ಹಾರವಿತ್ತು, ಹೊಲವಿತ್ತು, ಬಂಧುಗಳ ಮನೆಯಿತ್ತು ಎಂದು ಹೇಳಬಲ್ಲವರು ಹಿರಿಯರು ಮಾತ್ರ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಎಷ್ಟು ಹೊಲಗಳಿಗೆ ನೀರು ಕೊಟ್ಟಿತು, ಎಷ್ಟು ಊರುಗಳನ್ನು ಎಬ್ಬಿಸಿತು ಎಂಬ ಕಥೆ ಪಠ್ಯಪುಸ್ತಕದಲ್ಲಿ ಒಂದು ಸಾಲು. ಅಜ್ಜಿಯ ಬಾಯಲ್ಲಿ ಅದು ತವರುಮನೆ. ಕೊಲ್ಹಾರದ ಗಟ್ಟಿ ಮೊಸರನ್ನು ಕೊಂಡು ಮುಂದೆ ಸಾಗಿ. ಅನಗವಾಡಿಯಲ್ಲಿ ಘಟಪ್ರಭೆ, ಕೊಣ್ಣೂರಿನ ಬಳಿ ಮಲಪ್ರಭೆ. ಒಂದೇ ಬೆಳಗಿನಲ್ಲಿ ಮೂರು ನದಿಗಳು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಇದೇ ಮಲಪ್ರಭೆ ಕೊಣ್ಣೂರಿನ ಮನೆಗಳಿಗೆ ನುಗ್ಗಿದ್ದನ್ನು ಮಕ್ಕಳಿಗೆ ಹೇಳಿ. ಮುಂದೆ ನರಗುಂದ, ನವಲಗುಂದ. ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿದ ನೆಲ ಅದು. ಹುಬ್ಬಳ್ಳಿ ದಾಟಿದ ಮೇಲೆ ಕಪ್ಪು ಮಣ್ಣು ಕೆಂಪಾಗುತ್ತದೆ, ಜೋಳದ ಹೊಲ ಭತ್ತದ ಗದ್ದೆಯಾಗುತ್ತದೆ, ಯಲ್ಲಾಪುರದಲ್ಲಿ ಕಾಡು, ಅರಬೈಲು ಘಟ್ಟ ಇಳಿದರೆ ಅಂಕೋಲೆಯ ಕಡಲು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನಡುವೆ ಭಾನುವಾರ ಬಂದರೆ ಕರಾವಳಿಯ ಯಾವುದಾದರೂ ದೇವಾಲಯದಲ್ಲಿ ಕೊಂಕಣಿಯ ಬಲಿಪೂಜೆಗೆ ನಿಂತು ನೋಡಿ. ತಮ್ಮ ಪ್ರಾರ್ಥನೆಯನ್ನೇ ಬೇರೆ ಭಾಷೆಯಲ್ಲಿ ಕೇಳಿ ಮಕ್ಕಳು ಕಣ್ಣರಳಿಸುತ್ತಾರೆ. ಇಷ್ಟೆಲ್ಲವನ್ನು ಮೋಡದ ಮೇಲಿನಿಂದ ದಾಟಿಸಿ ಮಕ್ಕಳಿಗೆ ನಾಡನ್ನು ತೋರಿಸಿದೆವೆಂದು ಹೇಳಿಕೊಳ್ಳಬಹುದೇ?

ನಮ್ಮ ಸುತ್ತಲಿನ ಹಿಂದೂ ಬಾಂಧವರನ್ನು ನೋಡಿ. ಯುಗಾದಿಯ ಹೊತ್ತಿಗೆ ಈ ಭಾಗದಿಂದ ಸಾವಿರಾರು ಜನ ಶ್ರೀಶೈಲಕ್ಕೆ ನಡೆದುಕೊಂಡೇ ಹೋಗುತ್ತಾರೆ. ಬೇಗ ತಲುಪುವುದೇ ಮುಖ್ಯವಾಗಿದ್ದರೆ ಯಾರೂ ನಡೆಯುತ್ತಿರಲಿಲ್ಲ.

ಬಬಲೇಶ್ವರದಿಂದ ಜಮಖಂಡಿಯ ದಾರಿ ಹಿಡಿಯುವವರು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಯನ್ನು ದಾಟುತ್ತಾರೆ. ಸರ್ಕಾರಕ್ಕೆ ಕಾದು ಬೇಸತ್ತ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಹೊತ್ತು 1989ರಲ್ಲಿ ಕಟ್ಟಿ ಮುಗಿಸಿದ ಬ್ಯಾರೇಜು ಅಲ್ಲಿದೆ. ಅದರ ಮುಂದಾಳು ಸಿದ್ದು ನ್ಯಾಮಗೌಡರು. 2018ರ ಮೇ 28ರಂದು, ಗೋವಾದಿಂದ ಬಾಗಲಕೋಟೆಯತ್ತ ಬರುವಾಗ, ತುಳಸಿಗೇರಿಯ ಬಳಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ರಸ್ತೆಯನ್ನು ಹೊಗಳುವವನು ಇದನ್ನೂ ಹೇಳಬೇಕು. ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದೇ ಒಂದು ಗಟ್ಟಿ ಮಾತು ಇದು: ರಸ್ತೆ ಕೊಲ್ಲುತ್ತದೆ. ಕೇಂದ್ರ ಸರ್ಕಾರವೇ ಪ್ರಕಟಿಸಿದಂತೆ 2022ನೆಯ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. 2024ರ ಡಿಸೆಂಬರ್ 21ರಂದು, ಬೆಂಗಳೂರಿನಿಂದ ಊರಿನತ್ತ ಹೊರಟಿದ್ದ ಒಂದೇ ಕುಟುಂಬದ ಆರು ಮಂದಿ ನೆಲಮಂಗಲದ ಬಳಿ, ಕಂಟೇನರ್ ಲಾರಿ ಮಗುಚಿ ಕಾರಿನ ಮೇಲೆ ಬಿದ್ದು, ಹಾಡುಹಗಲಿನಲ್ಲಿ ಸತ್ತರು. ಅವರ ತಪ್ಪು ಏನೂ ಇರಲಿಲ್ಲ. ಅಂತಹ ಸಾವಿಗೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿದೆಯೆಂದು ನಟಿಸುವುದೂ ಬೇಡ.

ಆದರೆ 2022ರ ಆ ಸಾವುಗಳಲ್ಲಿ ಹತ್ತರಲ್ಲಿ ಏಳಕ್ಕೆ ಅತಿವೇಗ ಕಾರಣವೆಂದು ಅದೇ ವರದಿ ಹೇಳುತ್ತದೆ. ಎಂದರೆ ಭಯಪಡಬೇಕಾದದ್ದು ರಸ್ತೆಗಿಂತ ಹೆಚ್ಚಾಗಿ ನಾವು ರಸ್ತೆಗೆ ಇಳಿಯುವ ರೀತಿಗೆ. ನಮ್ಮ ರೀತಿ ಹೇಗಿದೆ? "ರಾತ್ರಿ ಊಟ ಮಾಡಿ ಹೊರಟರೆ ಬೆಳಗಾಗುವಷ್ಟರಲ್ಲಿ ಮುಟ್ಟುತ್ತೇವೆ, ಒಂದು ದಿನದ ಲಾಡ್ಜ್ ಖರ್ಚು ಉಳಿಯುತ್ತದೆ" ಎಂಬ ಜಾಣತನ. ಕ್ರೂಸರಿನಲ್ಲಿ ಕೂರಬೇಕಾದವರಿಗಿಂತ ನಾಲ್ಕು ಜನ ಹೆಚ್ಚು. ಹಗಲೆಲ್ಲ ಬೇರೆ ಬಾಡಿಗೆ ಓಡಿಸಿ ಬಂದ ಚಾಲಕ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರದ ಬಳಿ ಉರುಳಿ ಹತ್ತು ಮಂದಿ ಸತ್ತರು. ಅವರು ಹೊಟ್ಟೆಪಾಡಿಗೆ ಆ ಹೊತ್ತಿನಲ್ಲಿ ಹೊರಟವರು. ರಜೆಗೆ ಹೋಗುವ ನಮಗೆ ಆ ಹೊತ್ತಿನಲ್ಲಿ ಘಟ್ಟದಲ್ಲಿ ಏನು ಕೆಲಸ?

ಆದ್ದರಿಂದ ಹೊರಡುವವರು ಯೋಜನೆ ಮಾಡಿ ಹೊರಡಿ. ವಿಮಾನಕ್ಕೆ ತೋರುವ ಶಿಸ್ತಿನಲ್ಲಿ ಅರ್ಧದಷ್ಟನ್ನಾದರೂ ರಸ್ತೆಗೆ ತೋರಿಸಿ. ಬೆಳಗ್ಗೆ ಆರಕ್ಕೆ ವಿಜಯಪುರ ಬಿಟ್ಟರೆ ಹನ್ನೊಂದರ ಹೊತ್ತಿಗೆ ಹುಬ್ಬಳ್ಳಿ, ಊಟ ಮುಗಿಸಿ ಹೊರಟರೆ ಬಿಸಿಲು ಇಳಿಯುವ ಮೊದಲೇ ಅರಬೈಲು ಘಟ್ಟ ದಾಟಿ ಅಂಕೋಲೆ. ಆ ದಿನಕ್ಕೆ ಅಷ್ಟು ಸಾಕು, ಅಲ್ಲಿಯೇ ತಂಗಿ. ಮಂಗಳೂರು ಮರುದಿನಕ್ಕಿರಲಿ. ಮಳೆಗಾಲದಲ್ಲಿ ಈ ದಾರಿಯೇ ಬೇಡ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಮುಚ್ಚಿದ್ದು ನೆನಪಿರಲಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಲಿ. ಮಡಿಲಲ್ಲಿ ಕೂರಿಸಿಕೊಂಡ ಮಗು ಸುರಕ್ಷಿತವೆಂದು ತಿಳಿಯುವುದು ತಾಯಿಯ ಪ್ರೀತಿಯ ಭ್ರಮೆ. ಗಾಡಿ ಗಕ್ಕನೆ ನಿಂತಾಗ ಯಾವ ತೋಳಿಗೂ ಆ ಶಕ್ತಿಯಿಲ್ಲ.

ಬಾಡಿಗೆ ಗಾಡಿಯ ಚಾಲಕನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಾವು ಲಾಡ್ಜಿನ ಕೋಣೆಯಲ್ಲಿ ಮಲಗುತ್ತೇವೆ, ಆತ ಗಾಡಿಯ ಸೀಟನ್ನು ಹಿಂದಕ್ಕೆ ಬಾಗಿಸಿ ಸೊಳ್ಳೆಗಳೊಂದಿಗೆ ಮಲಗುತ್ತಾನೆ. ಮರುದಿನ ಆತನ ಕೈಗೆ ಇಡೀ ಕುಟುಂಬವನ್ನು ಒಪ್ಪಿಸುತ್ತೇವೆ! 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಯೊಳಗೆ ಅರ್ಧ ಗಂಟೆಯ ವಿಶ್ರಾಂತಿ ಎನ್ನುತ್ತಿತ್ತು. ಆ ಕಾಯ್ದೆ ನಿಮ್ಮ ಬಾಡಿಗೆ ಗಾಡಿಗೆ ಅನ್ವಯಿಸುತ್ತಿತ್ತೋ ಇಲ್ಲವೋ ಎಂದು ವಕೀಲರನ್ನು ಕೇಳುವ ಅಗತ್ಯವಿಲ್ಲ. ಕೋಣೆ ಕಾದಿರಿಸುವಾಗ ಆತನಿಗೂ ಒಂದು ಹಾಸಿಗೆ ಕಾದಿರಿಸಿ, ಊಟಕ್ಕೆ ನಿಮ್ಮ ಮೇಜಿಗೇ ಕರೆಯಿರಿ.

ಕೊನೆಗೆ ಅಜ್ಜಿಯ ವಿಷಯದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು. ದೂರದ ದಾರಿಯೆಂದರೆ ನಮ್ಮ ಹಿರಿಯ ಹೆಂಗಸರು ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗುವುದೋ ಇಲ್ಲವೋ, ಗಾಡಿ ನಿಲ್ಲಿಸೆಂದು ಅಳಿಯನ ಮುಂದೆ, ಚಾಲಕನ ಮುಂದೆ ಕೇಳುವುದು ಹೇಗೆ ಎಂಬ ಸಂಕೋಚ ಅವರಿಗೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಇದು ಸಣ್ಣ ಅಪಾಯವಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸುವುದಾಗಿ ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡಿ, ಆಕೆ ಕೇಳಬೇಕಾಗಿ ಬರದಿರಲಿ. ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯವಿರುತ್ತದೆ. ಬೀಗ ಹಾಕಿದ್ದರೆ ಕೀಲಿ ಕೇಳಿ ತೆಗೆಸಿ, ಆಕೆಯ ಜೊತೆ ಸೊಸೆಯೋ ಮಗಳೋ ಹೋಗಲಿ. ಅಜ್ಜಿ "ನೀರು ಒಲ್ಲೆ" ಎಂದರೆ ಕಾರಣ ಕೇಳಬೇಡಿ, ಮುಂದಿನ ಬಂಕಿನಲ್ಲಿ ಗಾಡಿ ನಿಲ್ಲಿಸಲು ಹೇಳಿ.